ತೋಟದ ಜಿಪ್ಸಿ ಹೆದ್ದಾರಿಗಿಳಿದಾಗ: ಮೂಡಿಗೆರೆಯಿಂದ ಪುಣೆಗೆ ಹೋಗಿಬಂದ ಒಂದು ಪ್ರಕರಣ

ಮೂಡಿಗೆರೆ ಸಮೀಪದ ಕಾಫಿ ತೋಟದಲ್ಲಿ ಹದಿಮೂರು ವರ್ಷ ದುಡಿದ 2011ರ ಮಾದರಿಯ ಮಾರುತಿ ಜಿಪ್ಸಿಯೊಂದನ್ನು ಪುಣೆಯವರೆಗೆ ಕೊಂಡೊಯ್ದು ಮರಳಿ ತರಬೇಕಾದ ಸಂದರ್ಭ 2024ರ ಮಾರ್ಚ್ ತಿಂಗಳಲ್ಲಿ ಒದಗಿತು. ವಾಹನ ನನ್ನ ಭಾವನವರದು. ಪುಣೆಯಲ್ಲಿ ಓದು ಮುಗಿಸಿದ ಅವರ ಮಗನನ್ನೂ ಅವನ ಸಾಮಾನುಗಳನ್ನೂ ಕರೆತರುವುದು ಪ್ರಯಾಣದ ಉದ್ದೇಶವಾಗಿತ್ತು. ಕಾಫಿ ಕೊಯ್ಲು ಮುಗಿದು ಮಳೆಗಾಲ ಇನ್ನೂ ದೂರವಿದ್ದ ಬಿಡುವಿನ ಕಾಲ ಅದು. ಚಿಕ್ಕಮಗಳೂರು, ಕಡೂರು, ಹೊಸದುರ್ಗ, ಹೊಳಲ್ಕೆರೆಗಳ ಮೂಲಕ ಚಿತ್ರದುರ್ಗ ಸೇರಿ, ಅಲ್ಲಿಂದ ರಾಷ್ಟ್ರೀಯ ಹೆದ್ದಾರಿ 48ರಲ್ಲಿ ದಾವಣಗೆರೆ, ಹುಬ್ಬಳ್ಳಿ, ಬೆಳಗಾವಿ, ಕೊಲ್ಹಾಪುರ, ಸಾತಾರಾ ದಾಟಿ ಪುಣೆ ಮುಟ್ಟುವ ಈ ದಾರಿ ಒಂದು ಕಡೆಗೆ 800 ಕಿ.ಮೀ.ಗೂ ಮಿಕ್ಕಿದೆ. ಹೊರಡುವ ಮೊದಲು ಆ ವಾಹನದಲ್ಲಿ ನಾವು ಕಂಡದ್ದೇನು, ಬದಲಿಸಿದ್ದೇನು, ಬದಲಿಸದೆ ಬಿಟ್ಟದ್ದೇನು ಎಂಬುದನ್ನು ಇಲ್ಲಿ ಕ್ರಮವಾಗಿ ದಾಖಲಿಸಿದ್ದೇನೆ.

ಭಾವನವರ ಮೊದಲ ಮಾತು ಸಹಜವಾದದ್ದೇ ಆಗಿತ್ತು. "ಆಷಾಢದ ಮಳೆಯಲ್ಲಿ ಹಳ್ಳ ದಾಟುವ ಗಾಡಿಗೆ ಡಾಂಬರು ರಸ್ತೆ ಏನು ಮಹಾ? ಆಯಿಲ್ ಬದಲಿಸಿ ಹೊರಟರಾಯಿತು" ಎಂದರು. ತೋಟದ ದಾರಿಯಲ್ಲಿ ಆ ಜಿಪ್ಸಿಯನ್ನು ನಂಬದಿರಲು ನನಗೂ ಕಾರಣವಿರಲಿಲ್ಲ. ಆದರೆ ಹಳ್ಳ ದಾಟುವಾಗ ವಾಹನದ ಮೇಲೆ ಬೀಳುವ ಒತ್ತಡ ದೊಡ್ಡದಾದರೂ ಕೆಲವೇ ನಿಮಿಷಗಳದ್ದು, ವೇಗ ಗಂಟೆಗೆ 15 ಕಿ.ಮೀ. ಮೀರದು, ಏನಾದರೂ ಕೈಕೊಟ್ಟರೆ ಇಳಿದು ನೋಡಲು ಪುರಸೊತ್ತು ಇರುತ್ತದೆ. ಹೆದ್ದಾರಿಯಲ್ಲಿ ಒತ್ತಡ ಚಿಕ್ಕದಾದರೂ ಗಂಟೆಗಟ್ಟಲೆ ಬಿಡುವಿಲ್ಲದೆ ಬೀಳುತ್ತದೆ, ಶಾಖವೂ ಕಂಪನವೂ ಪೇರುತ್ತ ಹೋಗುತ್ತವೆ. ತೋಟದಲ್ಲಿ ಹತ್ತು ವರ್ಷ ಗಮನಕ್ಕೇ ಬಾರದ ಒಂದು ಕೂದಲೆಳೆಯಷ್ಟು ಆಟ (ಕೀಲುಗಳ ಸಡಿಲ) ಹೆದ್ದಾರಿಯ ವೇಗದಲ್ಲಿ ಸ್ಟೇರಿಂಗನ್ನೇ ಕೈಯಿಂದ ಕಿತ್ತುಕೊಳ್ಳಬಲ್ಲದು. ಈ ಪ್ರಕರಣದಲ್ಲಿ ಆದದ್ದೂ ಅದೇ.

ವಾಹನದ ಸ್ಥಿತಿ

1298 ಸಿ.ಸಿ.ಯ ಪೆಟ್ರೋಲ್ ಎಂಜಿನ್, ಮುಂದೆಯೂ ಹಿಂದೆಯೂ ಗಟ್ಟಿ ಆಕ್ಸಲ್ (ಎರಡೂ ಬದಿಯ ಚಕ್ರಗಳನ್ನು ಒಂದೇ ಬಾಗದ ಅಡ್ಡತೊಲೆ ಹೊರುವ ಕಟ್ಟು), ನಾಲ್ಕೂ ಮೂಲೆಗೆ ಕಮಾನು ಪಟ್ಟಿ (ಲೀಫ್ ಸ್ಪ್ರಿಂಗ್), ಮುಂದೆ ಡಿಸ್ಕ್ ಮತ್ತು ಹಿಂದೆ ಡ್ರಮ್ ಬ್ರೇಕ್: ಇದು ಜಿಪ್ಸಿಯ ಮೂಲ ಕಟ್ಟು. ಇದರ ಮೇಲೆ ಭಾವನವರು ವರ್ಷಗಳಲ್ಲಿ ಒಂದೊಂದಾಗಿ ಸೇರಿಸಿದ್ದವು ಹಲವು. 205/70 ಆರ್15 ಅಳತೆಯ ಮೂಲ ಟಯರಿನ ಜಾಗದಲ್ಲಿ 235/75 ಆರ್15 ಅಳತೆಯ ದೊಡ್ಡ ಹಲ್ಲಿನ ಮಡ್ ಟಯರು, ವಾಹನವನ್ನು ಎತ್ತರಿಸಲು ಕಮಾನು ಪಟ್ಟಿಯ ತುದಿಯನ್ನು ಚೌಕಟ್ಟಿಗೆ ತೂಗುಹಾಕುವ ಉದ್ದದ ಶ್ಯಾಕಲ್‌ಗಳು, ಮುಂದೆ ಕಬ್ಬಿಣದ ಗಾರ್ಡು, ಅದರ ಮೇಲೆ ವಿಂಚ್ (ಹೂತ ವಾಹನವನ್ನು ಎಳೆಯುವ ಹಗ್ಗದ ಯಂತ್ರ) ಮತ್ತು ನಾಲ್ಕು ಹೆಚ್ಚುವರಿ ದೀಪ, ಮೇಲೆ ಕ್ಯಾರಿಯರ್. ಕಿ.ಮೀ. ಮಾಪಕದಲ್ಲಿ 58,000 ಎಂದಿತ್ತು.

ಆ ಸಂಖ್ಯೆಯನ್ನು ಹಾಗೆಯೇ ನಂಬುವಂತಿರಲಿಲ್ಲ. ಮೂಲ ಟಯರಿನ ವ್ಯಾಸ ಲೆಕ್ಕಕ್ಕೆ 668 ಮಿ.ಮೀ., ದೊಡ್ಡ ಟಯರಿನದು 733.5 ಮಿ.ಮೀ., ಅಂದರೆ ಸುಮಾರು ಶೇ. 10ರಷ್ಟು ಹೆಚ್ಚು. ಚಕ್ರ ಒಂದು ಸುತ್ತು ಸುತ್ತಿದಾಗ ವಾಹನ ಅಷ್ಟು ಹೆಚ್ಚು ದೂರ ಸಾಗಿದರೂ ಮಾಪಕಕ್ಕೆ ಅದು ತಿಳಿಯುವುದಿಲ್ಲ. 21,000 ಕಿ.ಮೀ. ಆದಾಗ ಟಯರು ಬದಲಾದದ್ದರಿಂದ ಅನಂತರದ 37,000ಕ್ಕೆ ಇನ್ನೂ ಸುಮಾರು 3,600 ಕಿ.ಮೀ. ಕೂಡಿಸಬೇಕಾಗುತ್ತದೆ. ಅದಕ್ಕಿಂತ ಮುಖ್ಯವಾದದ್ದು ಎಂಜಿನ್ ದುಡಿದ ಹೊತ್ತು. ಲೋ ರೇಂಜಿನಲ್ಲಿ (ಹೆಚ್ಚು ಎಳೆತಕ್ಕಾಗಿ ವೇಗ ತಗ್ಗಿಸುವ ಗೇರು) ಏರು ಹತ್ತುವ ವಾಹನ ಒಂದು ಕಿ.ಮೀ. ಸಾಗುವಷ್ಟರಲ್ಲಿ ಎಂಜಿನ್ ತಿರುಗುವ ಸುತ್ತುಗಳು ರಸ್ತೆಯ ವಾಹನಕ್ಕಿಂತ ಹಲವು ಪಟ್ಟು. ಆದ್ದರಿಂದ ಎಂಜಿನ್ನಿನ ಕವಾಟಗಳನ್ನು ತಾಳ ತಪ್ಪದಂತೆ ತೆರೆದು ಮುಚ್ಚಿಸುವ ಟೈಮಿಂಗ್ ಬೆಲ್ಟನ್ನು ಕಿ.ಮೀ. ಲೆಕ್ಕ ನೋಡಿ ಮುಂದೂಡದೆ, ವರ್ಷಗಳ ಲೆಕ್ಕ ಹಿಡಿದು ಮೊದಲ ದಿನವೇ ಬದಲಿಸಿದೆವು. ಅದರ ಜೊತೆಗೆ ಟೆನ್ಷನರ್, ಫ್ಯಾನ್ ಬೆಲ್ಟ್ ಮತ್ತು ರೇಡಿಯೇಟರಿನ ರಬ್ಬರ್ ಕೊಳವೆಗಳೂ ಹೊಸವಾದವು.

ದೊಡ್ಡ ಟಯರಿನ ಇನ್ನೊಂದು ಪರಿಣಾಮ ವೇಗಮಾಪಕದಲ್ಲಿ ಕಂಡಿತು. ಮುಳ್ಳು 80ರಲ್ಲಿದ್ದಾಗ ಫೋನಿನ ಜಿಪಿಎಸ್ 85 ತೋರಿಸಿತು. ಕಾರ್ಖಾನೆಯಿಂದ ಬರುವ ಮಾಪಕ ಸಾಮಾನ್ಯವಾಗಿ ತುಸು ಹೆಚ್ಚೇ ತೋರಿಸುವುದರಿಂದ ವ್ಯತ್ಯಾಸ ಅಷ್ಟಕ್ಕೆ ನಿಂತಿತ್ತು. ತಾನು ಮಿತಿಯೊಳಗಿದ್ದೇನೆ ಎಂದುಕೊಂಡ ಚಾಲಕ ಮಿತಿ ಮೀರಿರುತ್ತಾನೆ ಎಂಬುದು ಒಂದು ತೊಂದರೆಯಾದರೆ, ಬ್ರೇಕು ನಿಲ್ಲಿಸಬೇಕಾದದ್ದು ಅವನು ಎಣಿಸಿದ್ದಕ್ಕಿಂತ ಹೆಚ್ಚಿನ ವೇಗವನ್ನು ಎಂಬುದು ಅದಕ್ಕಿಂತ ದೊಡ್ಡ ತೊಂದರೆ. ಭಾರವಾದ, ಎತ್ತರದ ಚಕ್ರವನ್ನು ಅದೇ ಹಳೆಯ ಡಿಸ್ಕು, ಡ್ರಮ್ಮುಗಳೇ ಹಿಡಿದು ನಿಲ್ಲಿಸಬೇಕು.

ನಡುಕದ ಮೂಲ

ಮೊದಲ ಪರೀಕ್ಷೆಗೆ ನಾವು ಚಿಕ್ಕಮಗಳೂರು–ಕಡೂರು ರಸ್ತೆಯನ್ನು ಆರಿಸಿಕೊಂಡೆವು. 60ರವರೆಗೆ ಎಲ್ಲವೂ ಸರಿಯಿತ್ತು. 70ರ ಹತ್ತಿರ ಸೇತುವೆಯೊಂದರ ಜೋಡಣೆಯ ಮೇಲೆ ಚಕ್ರ ಹಾದ ಕೂಡಲೆ ಸ್ಟೇರಿಂಗ್ ಎಡಕ್ಕೂ ಬಲಕ್ಕೂ ಬಡಿದಾಡತೊಡಗಿತು, ಮುಂಭಾಗವೆಲ್ಲ ಕುಣಿಯಿತು. ವೇಗ 35ಕ್ಕೆ ಇಳಿಯುವವರೆಗೆ ಅದು ನಿಲ್ಲಲಿಲ್ಲ. ಗಟ್ಟಿ ಆಕ್ಸಲಿನ ವಾಹನಗಳಿಗೆ ಅಂಟಿಕೊಂಡ ಹಳೆಯ ಕಾಯಿಲೆ ಇದು. ಇದನ್ನು ಒಮ್ಮೆ ಅನುಭವಿಸಿದವರು ಮರೆಯುವುದಿಲ್ಲ. ಭಾವನವರು ಬದಿಗೆ ನಿಲ್ಲಿಸಿ ಬಹಳ ಹೊತ್ತು ಮಾತಾಡಲಿಲ್ಲ. ಆಮೇಲೆ, "ಇದು ಹೋದ ವರ್ಷವೇ ಸ್ವಲ್ಪ ಇತ್ತು, ಗ್ಯಾರೇಜಿನವರು ಡ್ಯಾಂಪರ್ ಹಾಕಿ ಸರಿಮಾಡಿದ್ದರು" ಎಂದರು.

ಪ್ರಕರಣದ ತಿರುಳು ಆ ಮಾತಿನಲ್ಲಿತ್ತು. ಸ್ಟೇರಿಂಗ್ ಡ್ಯಾಂಪರ್ ನಡುಕವನ್ನು ಅದುಮಿಡುತ್ತದೆಯೇ ಹೊರತು ಅದರ ಕಾರಣವನ್ನು ಮುಟ್ಟುವುದಿಲ್ಲ. ಒಳಗಿನ ಸವಕಳಿ ಬೆಳೆಯುತ್ತಲೇ ಹೋಗುತ್ತದೆ, ಡ್ಯಾಂಪರ್ ಸೋತ ದಿನ ಅದು ಮೊದಲಿಗಿಂತ ಜೋರಾಗಿ ಹೊರಬೀಳುತ್ತದೆ. ಆದ್ದರಿಂದ ನಮ್ಮ ಪರೀಕ್ಷೆಯನ್ನು ಡ್ಯಾಂಪರ್ ಕಳಚಿಟ್ಟೇ ಆರಂಭಿಸಿದೆವು, ಕಡಿಮೆ ಖರ್ಚಿನಲ್ಲಿ ಸರಿಹೋಗುವ ಕಾರಣಗಳನ್ನು ಮೊದಲು ನೋಡಿ ಹೆಚ್ಚು ಖರ್ಚಿನವುಗಳ ಕಡೆಗೆ ಹೋದೆವು.

ಮೊದಲು ಚಕ್ರಗಳನ್ನು ಬಿಚ್ಚಿ ಮಗುಚಿ ಹಾಕಿದಾಗ ರಿಮ್ಮಿನ ಒಳಮೈಯಲ್ಲಿ ಕೆಮ್ಮಣ್ಣು ಒಣಗಿ ಇಟ್ಟಿಗೆಯಂತೆ ಕಚ್ಚಿಕೊಂಡಿತ್ತು. ಒಂದು ಚಕ್ರದಿಂದಲೇ ಎರಡು ಬೊಗಸೆಯಷ್ಟು ಮಣ್ಣು ಬಂತು. ಹೊರಗಿನಿಂದ ನೀರು ಹಾಯಿಸಿ ತೊಳೆದ ವಾಹನದಲ್ಲಿ ಇದು ಕಾಣುವುದೇ ಇಲ್ಲ. ಬ್ಯಾಲೆನ್ಸಿಂಗ್ ಮಾಡುವವರು ಕೆಲವೇ ಗ್ರಾಂ ಸೀಸದ ತುಂಡಿಗಾಗಿ ಲೆಕ್ಕ ಹಾಕುತ್ತಾರೆ. ಇಲ್ಲಿ ಅದರ ಎಷ್ಟೋ ಪಟ್ಟು ತೂಕ ಒಂದೇ ಬದಿಗೆ ಅಂಟಿತ್ತು. ಮಲೆನಾಡಿನಿಂದ ಬಯಲಿಗೆ ಇಳಿಯುವ ಯಾವ ಜೀಪಿನವರೂ ಈ ಒಂದು ಕೆಲಸವನ್ನು ಬಿಡಬಾರದೆಂದು ನಾನು ಒತ್ತಿ ಹೇಳುತ್ತೇನೆ. ಇದಕ್ಕೆ ಬೇಕಾದದ್ದು ಒಂದು ಜಾಕಿ, ಒಂದು ಉಳಿ, ಅರ್ಧ ದಿನ ಅಷ್ಟೆ.

ಮಣ್ಣು ತೆಗೆದ ಮೇಲೆ ನಡುಕ ಕಡಿಮೆಯಾಯಿತು, ಹೋಗಲಿಲ್ಲ. ಒಬ್ಬರು ಸ್ಟೇರಿಂಗನ್ನು ಆಚೀಚೆ ಅಲುಗಿಸುತ್ತಿರಲು ಇನ್ನೊಬ್ಬರು ಕೆಳಗೆ ಮಲಗಿ ಒಂದೊಂದೇ ಕೀಲಿನ ಮೇಲೆ ಕೈಯಿಟ್ಟು ನೋಡಿದಾಗ ಎಡಬದಿಯಲ್ಲಿ ಸ್ಟೇರಿಂಗಿನ ಸರಳನ್ನು ಚಕ್ರಕ್ಕೆ ಸೇರಿಸುವ ಟೈ ರಾಡ್ ಎಂಡ್‌ನಲ್ಲಿ ಆಟ ತಿಳಿಯಿತು. ಅದನ್ನು ಬದಲಿಸಿದೆವು. ಆ ಬಳಿಕ ಮುಂಚಕ್ರವನ್ನು ನೆಲದಿಂದ ಎತ್ತಿ, ಮೇಲೂ ಕೆಳಗೂ ಹಿಡಿದು ಅಲುಗಿಸಿದಾಗ ಸಣ್ಣದೊಂದು ಕಟಕಟ ಕೇಳಿತು. ಚಕ್ರ ಉರುಳುವ ವೀಲ್ ಬೇರಿಂಗ್ ಸಡಿಲವಾದರೂ ಹೀಗಾಗಬಹುದು, ಚಕ್ರ ಎಡಬಲಕ್ಕೆ ತಿರುಗುವ ಕಿಂಗ್‌ಪಿನ್ ಬೇರಿಂಗ್ ಸವೆದರೂ ಹೀಗಾಗಬಹುದು. ಬ್ರೇಕನ್ನು ಒತ್ತಿ ಹಿಡಿದು ಮತ್ತೆ ಅಲುಗಿಸುವುದು ಎರಡನ್ನೂ ಬೇರ್ಪಡಿಸಿ ನೋಡುವ ಸುಲಭದ ಉಪಾಯ. ಬ್ರೇಕು ಒತ್ತಿದಾಗ ಹಬ್ಬೂ (ಚಕ್ರದ ನಡುಭಾಗ) ನಕಲ್ಲೂ (ಸ್ಟೇರಿಂಗಿನೊಡನೆ ತಿರುಗಿ ಚಕ್ರವನ್ನು ಹೊರುವ ಭಾಗ) ಒಂದಾಗುವುದರಿಂದ ವೀಲ್ ಬೇರಿಂಗಿನ ಆಟ ಮಾಯವಾಗುತ್ತದೆ, ಕಿಂಗ್‌ಪಿನ್ನಿನದು ಉಳಿಯುತ್ತದೆ. ಇಲ್ಲಿ ಅದು ಉಳಿಯಿತು. ರಾಡುಗಳನ್ನು ಬಿಡಿಸಿ ನಕಲ್ಲಿನ ತುದಿಯನ್ನು ಚಿಕ್ಕದೊಂದು ಸ್ಪ್ರಿಂಗ್ ತಕ್ಕಡಿಯಿಂದ ಎಳೆದು ನೋಡಿದಾಗ ಅದು ಯಾವ ಬಿಗಿಯೂ ಇಲ್ಲದೆ ತೂಗುಬಾಗಿಲಿನಂತೆ ತಿರುಗಿತು. ಬೇರಿಂಗ್ ಬಿಚ್ಚಿದಾಗ ಅದರ ಬಟ್ಟಲಿನಲ್ಲಿ ಉರುಳೆಗಳು ಕೊರೆದ ಗೀರುಗಳಿದ್ದವು, ನಕಲ್ಲಿನ ಸೀಲು ಹರಿದು ಗ್ರೀಸು ಕೆಸರಿನೊಡನೆ ಕಲಸಿಹೋಗಿತ್ತು. ಎರಡೂ ಬದಿಗೆ ಹೊಸ ಬೇರಿಂಗ್, ಹೊಸ ಸೀಲು ಹಾಕಿ, ತೆಳ್ಳನೆಯ ಶಿಮ್ಮುಗಳನ್ನು (ಲೋಹದ ಬಿಲ್ಲೆಗಳನ್ನು) ಹೆಚ್ಚು ಕಡಿಮೆ ಮಾಡಿ ಕೈಪಿಡಿಯಲ್ಲಿ ಹೇಳಿದ ಬಿಗಿಯನ್ನು ಮರಳಿ ತಂದೆವು.

ಕೊನೆಯದು ಶ್ಯಾಕಲ್ಲಿನ ಪ್ರಶ್ನೆ. ಜಿಪ್ಸಿಯ ಮುಂದಿನ ಪಟ್ಟಿಗಳಿಗೆ ಶ್ಯಾಕಲ್ ಇರುವುದು ಮುಂತುದಿಯಲ್ಲಿ. ಅದನ್ನು ಉದ್ದ ಮಾಡಿದರೆ ಪಟ್ಟಿಯ ಮುಂತುದಿ ಕೆಳಗಿಳಿದು, ಅದರೊಂದಿಗೆ ಆಕ್ಸಲ್ ಕೂಡ ಮುಂದಕ್ಕೆ ಬಾಗುತ್ತದೆ. ಕಿಂಗ್‌ಪಿನ್ನಿನ ಮೇಲ್ತುದಿ ಹಿಂದಕ್ಕೆ ಒರಗಿರಬೇಕಾದ ಕೋನವನ್ನು ಕ್ಯಾಸ್ಟರ್ ಎನ್ನುತ್ತಾರೆ. ತಿರುವು ಮುಗಿದ ಮೇಲೆ ಸ್ಟೇರಿಂಗ್ ತಾನಾಗಿ ನೇರಕ್ಕೆ ಬರುವುದೂ, ನೇರ ರಸ್ತೆಯಲ್ಲಿ ವಾಹನ ಅಲೆದಾಡದಿರುವುದೂ ಆ ಕೋನದಿಂದಲೇ. ಎತ್ತರಕ್ಕಾಗಿ ಹಾಕಿದ ಎರಡು ತುಂಡು ಕಬ್ಬಿಣ ಆ ಗುಣವನ್ನು ಸದ್ದಿಲ್ಲದೆ ಕಿತ್ತುಕೊಂಡಿತ್ತು. ಪಟ್ಟಿಗೂ ಆಕ್ಸಲಿಗೂ ನಡುವೆ ಓರೆಯಾದ ಬೆಣೆ ಕೊಟ್ಟು ಕೋನವನ್ನು ಸರಿಪಡಿಸುವವರಿದ್ದಾರೆ. ನಾನು ಅದನ್ನು ಒಪ್ಪಲಿಲ್ಲ. ಒಂದು ತಪ್ಪಿನ ಮೇಲೆ ಇನ್ನೊಂದು ತುಂಡನ್ನು ಹೇರುವುದಕ್ಕಿಂತ ಮೂಲ ಶ್ಯಾಕಲ್ಲನ್ನೇ ಮರಳಿ ಹಾಕುವುದು ಸರಿಯೆನಿಸಿತು. ಪುಣ್ಯಕ್ಕೆ ಭಾವನವರು ಹಳೆಯವನ್ನು ಎಸೆದಿರಲಿಲ್ಲ, ಡ್ರೈಯಿಂಗ್ ಯಾರ್ಡಿನ ಪಕ್ಕದ ಕೊಟ್ಟಿಗೆಯಲ್ಲಿ ಗೋಣಿಚೀಲದೊಳಗೆ ಸಿಕ್ಕವು.

ಟಯರಿನ ವಿಷಯದಲ್ಲಿ ಹೆಚ್ಚು ಚರ್ಚೆ ನಡೆಯಿತು. ಮಡ್ ಟಯರುಗಳ ಹಲ್ಲು ಅರ್ಧಕ್ಕಿಂತ ಹೆಚ್ಚು ಉಳಿದಿತ್ತು, ಆದರೆ ಮಗ್ಗುಲಲ್ಲಿ ಒತ್ತಿದ್ದ ನಾಲ್ಕಂಕಿ 2316 ಎಂದಿತ್ತು. ಅಂದರೆ ಅವು 2016ರ 23ನೆಯ ವಾರದಲ್ಲಿ ತಯಾರಾದವು, ಎಂಟು ವರ್ಷದ ಹತ್ತಿರಕ್ಕೆ ಬಂದವು. ಹಲ್ಲಿನ ಬುಡದಲ್ಲಿ ಕೂದಲಿನಷ್ಟು ಸಣ್ಣ ಬಿರುಕುಗಳಿದ್ದವು. ಕೆಸರಿನಲ್ಲಿ ನಿಧಾನವಾಗಿ ಉರುಳುವಾಗ ಈ ಬಿರುಕು ಏನೂ ಮಾಡದು. ಮಾರ್ಚ್ ತಿಂಗಳ ಹಾವೇರಿ, ಹುಬ್ಬಳ್ಳಿಗಳ ಬಿಸಿಲಿನಲ್ಲಿ ಗಂಟೆಗಟ್ಟಲೆ ಓಡುವಾಗ ದಪ್ಪ ಹಲ್ಲುಗಳು ಪ್ರತಿ ಸುತ್ತಿಗೂ ಬಾಗಿ ಬಿಚ್ಚಿ ತಾವೇ ಕಾಯುತ್ತವೆ. ಹಳೆಯ ರಬ್ಬರಿನ ಪದರ ಕಿತ್ತುಬರುವುದು ಆ ಶಾಖಕ್ಕೆ. ಮೂಲ ಅಳತೆಯ ಐದು ಹೊಸ ಟಯರು ಕೊಳ್ಳುವುದೆಂದು ಕೊನೆಗೆ ತೀರ್ಮಾನವಾಯಿತು. ಐದನೆಯದು ಸ್ಟೆಪ್ನಿಗೆ. ಒಂದೇ ಆಕ್ಸಲಿನಲ್ಲಿ ಎರಡು ಅಳತೆಯ ಚಕ್ರ ಓಡಿದರೆ ಎರಡು ಬದಿಯ ಚಕ್ರಗಳನ್ನು ಬೇರೆ ಬೇರೆ ವೇಗದಲ್ಲಿ ತಿರುಗಲು ಬಿಡುವ ಡಿಫರೆನ್ಷಿಯಲ್ ಬಿಡುವಿಲ್ಲದೆ ದುಡಿಯಬೇಕಾಗುವುದರಿಂದ ಹಳೆಯ ದೊಡ್ಡ ಟಯರನ್ನು ಸ್ಟೆಪ್ನಿಯಾಗಿ ಒಯ್ಯುವಂತಿರಲಿಲ್ಲ. ಗಾಳಿಯನ್ನು ವಾಹನಕ್ಕೆ ಅಂಟಿಸಿದ ಪಟ್ಟಿಯಲ್ಲಿರುವಷ್ಟೇ ತುಂಬಿಸಿದೆವು, ಬೆಳಗಿನ ತಂಪಿನಲ್ಲಿ, ಟಯರು ಓಡುವ ಮೊದಲು. ಉಷ್ಣತೆ ಸುಮಾರು 5ರಿಂದ 6 ಡಿಗ್ರಿ ಸೆಲ್ಸಿಯಸ್ ಏರಿದಂತೆಲ್ಲ ಒಂದು ಪಿ.ಎಸ್.ಐ.ಯಷ್ಟು ಒತ್ತಡ ಏರುತ್ತದೆ. ಮಧ್ಯಾಹ್ನ ಅಳೆದು ಹೆಚ್ಚಾಯಿತೆಂದು ಗಾಳಿ ಬಿಟ್ಟರೆ ಮರುದಿನ ಬೆಳಿಗ್ಗೆ ಟಯರು ಮೆತ್ತಗಾಗಿರುತ್ತದೆ, ಮೆತ್ತಗಿನ ಟಯರು ಇನ್ನೂ ಹೆಚ್ಚು ಕಾಯುತ್ತದೆ.

ಕೆಳಭಾಗ, ಎಣ್ಣೆ, ಶಾಖ

ಹಿಂದಿನ ಆಕ್ಸಲಿನ ಆಯಿಲ್ ಪ್ಲಗ್ ಬಿಚ್ಚಿದಾಗ ಹೊರಬಂದದ್ದು ಹಾಲು ಬೆರೆಸಿದ ಕಾಫಿಯ ಬಣ್ಣದ ದ್ರವ. ನೀರು ಸೇರಿದ ಎಣ್ಣೆಯ ಗುರುತು ಅದು. ಓಡಿ ಬಿಸಿಯಾದ ಆಕ್ಸಲ್ ಹಳ್ಳದ ತಣ್ಣೀರಿಗೆ ಇಳಿದಾಗ ಒಳಗಿನ ಗಾಳಿ ಥಟ್ಟನೆ ಕುಗ್ಗುತ್ತದೆ. ಗಾಳಿಯಾಡಲು ಇರುವ ಬ್ರೀದರ್ ಮಣ್ಣಿನಿಂದ ಕಟ್ಟಿಕೊಂಡಿದ್ದರೆ ಆ ಕುಗ್ಗುವಿಕೆ ಸೀಲಿನ ಅಂಚಿನಿಂದ ನೀರನ್ನು ಒಳಕ್ಕೆ ಎಳೆಯುತ್ತದೆ. ಎಣ್ಣೆಯ ಪೊರೆ ತೆಳುವಾದ ಕ್ರೌನ್ ಮತ್ತು ಪಿನಿಯನ್ ಎಂಬ ಆಕ್ಸಲಿನ ಹಲ್ಲುಚಕ್ರಗಳು ತೋಟದ ವೇಗದಲ್ಲಿ ಹೇಗೋ ಬಾಳುತ್ತವೆ, ಹೆದ್ದಾರಿಯ ವೇಗದಲ್ಲಿ ಉಳಿಯುವುದಿಲ್ಲ. ಹೊಸ ಎಣ್ಣೆ ಹಾಕಿ 50 ಕಿ.ಮೀ. ಓಡಿಸಿ, ಅದನ್ನೂ ಸುರಿದು, ಮತ್ತೊಮ್ಮೆ ಹೊಸ ಎಣ್ಣೆ ತುಂಬಿದೆವು. ಬ್ರೀದರನ್ನು ಬಿಡಿಸಿ ತೊಳೆದು ಅದಕ್ಕೆ ಮೇಲಕ್ಕೆ ಹೋಗುವ ಸಣ್ಣ ಕೊಳವೆ ಜೋಡಿಸಿದೆವು. ಗೇರ್ ಬಾಕ್ಸಿಗೆ ಮಾತ್ರ ಆಕ್ಸಲಿನ ಎಣ್ಣೆಯನ್ನೇ ತುಂಬಿ ಕೈತೊಳೆದುಕೊಳ್ಳಬಾರದು. ಆಕ್ಸಲಿಗೆ ಬೇಕಾದ ಜಿಎಲ್-5 ದರ್ಜೆಯ ಎಣ್ಣೆಗಳಲ್ಲಿ ಎಷ್ಟೋ ಬಗೆಯವು ಗೇರ್ ಬಾಕ್ಸಿನ ಹಿತ್ತಾಳೆಯ ಸಿಂಕ್ರೊ ಉಂಗುರಗಳಿಗೆ ಹಿತವಲ್ಲ, ಅಲ್ಲಿಗೆ ಜಿಎಲ್-4 ಬೇಕು.

ಜಿಪ್ಸಿಯ ಟ್ರಾನ್ಸ್‌ಫರ್ ಕೇಸ್ (ಎಂಜಿನ್ನಿನ ಶಕ್ತಿಯನ್ನು ಮುಂದಿನ, ಹಿಂದಿನ ಆಕ್ಸಲುಗಳಿಗೆ ಹಂಚುವ ಪೆಟ್ಟಿಗೆ) ಗೇರ್ ಬಾಕ್ಸಿಗೆ ಅಂಟಿಕೊಂಡಿಲ್ಲ, ಬೇರೆಯಾಗಿ ರಬ್ಬರ್ ಮೌಂಟುಗಳ ಮೇಲೆ ತೂಗಿಕೊಂಡಿದೆ. ಹಾಗಾಗಿ ಇದಕ್ಕೆ ಮೂರು ಶಾಫ್ಟುಗಳು: ಗೇರ್ ಬಾಕ್ಸಿನಿಂದ ಟ್ರಾನ್ಸ್‌ಫರ್ ಕೇಸಿಗೆ ಒಂದು, ಅಲ್ಲಿಂದ ಮುಂದಕ್ಕೊಂದು, ಹಿಂದಕ್ಕೊಂದು. ಮೂರರ ಕ್ರಾಸುಗಳೂ (ಶಾಫ್ಟಿನ ತುದಿಯ ಬಾಗುವ ಕೀಲುಗಳು) ತುಕ್ಕು ಹಿಡಿಯದೆ, ಬಿಗಿಯಾಗಿ, ಗ್ರೀಸಿನಿಂದ ತುಂಬಿರಬೇಕು. ನಮ್ಮ ವಾಹನದಲ್ಲಿ ನಡುವಿನ ಗಿಡ್ಡ ಶಾಫ್ಟಿನ ಒಂದು ಕ್ರಾಸಿನಲ್ಲಿ ಗ್ರೀಸು ಒಣಗಿ ಕೆಂಪು ಪುಡಿಯಾಗಿತ್ತು. ಅದನ್ನೂ ಹರಿದ ಒಂದು ಮೌಂಟನ್ನೂ ಬದಲಿಸಿದೆವು. ಈ ವಾಹನದ ಟ್ರಾನ್ಸ್‌ಫರ್ ಕೇಸ್ ಹೈ ರೇಂಜಿನಲ್ಲಿಯೂ ವೇಗವನ್ನು 1.409ರ ಅನುಪಾತದಲ್ಲಿ ತಗ್ಗಿಸುತ್ತದೆ, ಆದ್ದರಿಂದ ಗೇರ್ ಬಾಕ್ಸು ಮತ್ತು ಆ ಗಿಡ್ಡ ಶಾಫ್ಟು ಉಳಿದೆರಡು ಶಾಫ್ಟುಗಳಿಗಿಂತ ಸದಾ ವೇಗವಾಗಿಯೇ ತಿರುಗುತ್ತಿರುತ್ತವೆ. ಇಷ್ಟು ಹೊತ್ತು ಇಷ್ಟು ವೇಗವಾಗಿ ತಿರುಗುವ ಭಾಗವನ್ನು ಯಾರೂ ಬಗ್ಗಿ ನೋಡುವುದಿಲ್ಲ ಎಂಬುದು ನನಗೆ ನಿಜಕ್ಕೂ ಬೇಸರದ ಸಂಗತಿ.

ರೇಡಿಯೇಟರಿನ ಜಾಲರಿಯಲ್ಲಿ ಮಣ್ಣು ಮತ್ತು ಹುಲ್ಲಿನ ಬೀಜ ತುಂಬಿ ಮೂರನೇ ಒಂದು ಭಾಗ ಮುಚ್ಚಿತ್ತು. ಅದರ ಎದುರಿಗೇ ವಿಂಚ್ ಮತ್ತು ದೀಪಗಳು ಗಾಳಿಗೆ ಅಡ್ಡವಾಗಿ ಕುಳಿತಿದ್ದವು. ಒಳಗೆ ತೋಟದ ತೊರೆಯ ನೀರು ತುಂಬಿದ್ದರಿಂದ ತುಕ್ಕಿನ ಬಣ್ಣ ಬಂದಿತ್ತು. ಹಿಂದಿನಿಂದ ಮುಂದಕ್ಕೆ ಮೆಲ್ಲಗೆ ನೀರು ಹಾಯಿಸಿ ಜಾಲರಿ ತೊಳೆದು, ಒಳಗನ್ನು ಹಲವು ಸಲ ಶುದ್ಧಗೊಳಿಸಿ ಕೂಲಂಟ್ ತುಂಬಿಸಿ, ಮುಚ್ಚಳವನ್ನೂ ಬದಲಿಸಿದೆವು. ಬ್ರೇಕಿನ ದ್ರವ ಗಾಳಿಯ ತೇವವನ್ನು ಹೀರಿಕೊಳ್ಳುವಂಥದ್ದು, ಮಲೆನಾಡಿನಲ್ಲಂತೂ ಅದು ಬೇಗ ಹಾಳಾಗುತ್ತದೆ. ಅದನ್ನೂ ಪೂರ್ತಿ ಬದಲಿಸಿದೆವು.

ವಿಂಚ್, ಗಾರ್ಡು, ಕ್ಯಾರಿಯರ್, ಹೆಚ್ಚುವರಿ ದೀಪ ಎಲ್ಲವನ್ನೂ ಕಳಚಿದೆವು. ಮೋಟಾರು ವಾಹನ ಕಾಯಿದೆಯ 52ನೆಯ ಸೆಕ್ಷನ್ ತಯಾರಕರ ಮೂಲ ವಿವರಗಳಿಂದ ದೂರ ಸರಿಯುವ ಮಾರ್ಪಾಡನ್ನು ಒಪ್ಪುವುದಿಲ್ಲ, 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಇದನ್ನು ಸ್ಪಷ್ಟಪಡಿಸಿದೆ. ವಾಹನದ ಮುಂದಿನ ಕಬ್ಬಿಣದ ಗಾರ್ಡುಗಳ ವಿರುದ್ಧ ಕ್ರಮ ಕೈಗೊಳ್ಳುವಂತೆ ಕೇಂದ್ರ ರಸ್ತೆ ಸಾರಿಗೆ ಸಚಿವಾಲಯ 2017ರ ಡಿಸೆಂಬರಿನಲ್ಲಿಯೇ ರಾಜ್ಯಗಳಿಗೆ ಸೂಚಿಸಿದೆ. ಕಾನೂನಿನ ಮಾತು ಇದಾದರೆ, ಎದುರಿಗೆ ಸಿಕ್ಕಬಹುದಾದ ಪಾದಚಾರಿಯ ಮಾತು ಇನ್ನೂ ದೊಡ್ಡದು. ಹೆಚ್ಚುವರಿ ಪೆಟ್ರೋಲ್ ಕ್ಯಾನನ್ನೂ ಒಯ್ಯಲಿಲ್ಲ. ಈ ಹೆದ್ದಾರಿಯಲ್ಲಿ ಬಂಕುಗಳಿಗೆ ಬರವಿಲ್ಲ, ಪ್ರತಿ 250 ಕಿ.ಮೀ.ಗೆ ತುಂಬಿಸಿಕೊಳ್ಳುವುದೆಂದು ಗೊತ್ತುಮಾಡಿಕೊಂಡರೆ ಸಾಕಾಗುತ್ತಿತ್ತು.

ಮೂರು ಪರೀಕ್ಷಾ ಓಟಗಳು

ಕೆಲಸ ಮುಗಿದ ದಿನವೇ ಹೊರಡಲಿಲ್ಲ. ಮೊದಲು 20 ಕಿ.ಮೀ., ಆಮೇಲೆ 80 ಕಿ.ಮೀ., ಕೊನೆಗೆ ಒಂದೇ ದಿನ 200 ಕಿ.ಮೀ. ಓಡಿಸಿದೆವು. ಪ್ರತಿ ಓಟದ ಕೊನೆಯಲ್ಲಿ ಬ್ರೇಕನ್ನು ಹೆಚ್ಚು ಬಳಸದೆ ನಿಲ್ಲಿಸಿ, ನಾಲ್ಕೂ ಹಬ್ಬುಗಳನ್ನು ಹಿಂಗೈಯಿಂದ ಮೆಲ್ಲಗೆ ಮುಟ್ಟಿ ನೋಡಿದೆವು. ಎರಡನೆಯ ಓಟದಲ್ಲಿ ಎಡ ಹಿಂಚಕ್ರದ ಡ್ರಮ್ ಕೈಯಿಡಲಾರದಷ್ಟು ಕಾದಿತ್ತು, ಉಳಿದ ಮೂರೂ ಉಗುರುಬೆಚ್ಚಗಿದ್ದವು. ಬಿಚ್ಚಿ ನೋಡಿದಾಗ ಕೈಬ್ರೇಕಿನ ಕೇಬಲ್ ಒಳಗೆ ಮಣ್ಣು ಸೇರಿ ಸಿಕ್ಕಿಕೊಂಡು, ಲೈನರ್ ಸದಾ ಡ್ರಮ್ಮಿಗೆ ಉಜ್ಜುತ್ತಿತ್ತು. ಮನೆಯಲ್ಲಿ ಮಾಡಿದ ಯಾವ ತಪಾಸಣೆಯಲ್ಲೂ ಇದು ಕಂಡಿರಲಿಲ್ಲ. ಪರೀಕ್ಷಾ ಓಟ ಮಾಡಿರದಿದ್ದರೆ ಇದು ದಾವಣಗೆರೆಯ ಆಸುಪಾಸಿನಲ್ಲಿ ನಮಗೆ ತಿಳಿಯುತ್ತಿತ್ತು, ಅಷ್ಟರಲ್ಲಿ ಸೀಲು ಸುಟ್ಟು ಗ್ರೀಸು ಹರಿದಿರುತ್ತಿತ್ತು. ಮೊದಲ ಓಟದ ಬಳಿಕ ಚಕ್ರದ ನಟ್ಟುಗಳನ್ನು ಮತ್ತೊಮ್ಮೆ ಬಿಗಿಗೊಳಿಸಿದಾಗ ಎರಡು ನಟ್ಟುಗಳು ಕಾಲು ಸುತ್ತಿನಷ್ಟು ತಿರುಗಿದ್ದನ್ನೂ ಇಲ್ಲಿ ಹೇಳಬೇಕು.

ಪ್ರಯಾಣದಲ್ಲಿ ಮುಂಚಕ್ರದ ಹಬ್ಬುಗಳನ್ನು ಫ್ರೀ ಸ್ಥಾನದಲ್ಲಿಟ್ಟು, ಅಂದರೆ ಆಕ್ಸಲಿನ ಶಾಫ್ಟಿನಿಂದ ಬಿಡಿಸಿಟ್ಟು, ಎರಡು ಚಕ್ರದ ಚಾಲನೆಯಲ್ಲಿಯೇ ಓಡಿಸಿದೆವು. ಮುಂದಿನ, ಹಿಂದಿನ ಆಕ್ಸಲುಗಳ ನಡುವೆ ಡಿಫರೆನ್ಷಿಯಲ್ ಇಲ್ಲದ ಈ ವಾಹನವನ್ನು ಒಣ ಡಾಂಬರಿನ ಮೇಲೆ ನಾಲ್ಕು ಚಕ್ರದ ಚಾಲನೆಯಲ್ಲಿ ಓಡಿಸಿದರೆ ತಿರುವುಗಳಲ್ಲಿ ಶಾಫ್ಟುಗಳು ಒಂದಕ್ಕೊಂದು ಸೆಣಸಿ ಮುರಿಯಲೂಬಹುದು. ವೇಗವನ್ನು 80ಕ್ಕೆ ನಿಲ್ಲಿಸಿ ಎಡಬದಿಯ ಪಥದಲ್ಲಿ ಉಳಿದೆವು. ಗಾಳಿಯಂತ್ರಗಳು ಸಾಲುಗಟ್ಟಿ ನಿಂತ ಚಿತ್ರದುರ್ಗದ ಗುಡ್ಡಗಳ ಬಳಿ ಅಡ್ಡಗಾಳಿ ಬೀಸಿದಾಗ, ಚಪ್ಪಟೆ ಮಗ್ಗುಲಿನ ಈ ಹಗುರ ವಾಹನ ಒಂದು ಅಡಿಯಷ್ಟು ಪಕ್ಕಕ್ಕೆ ಸರಿದದ್ದುಂಟು. ಲಾರಿಯನ್ನು ದಾಟಿ ಅದರ ಮರೆಯಿಂದ ಹೊರಬರುವ ಕ್ಷಣದಲ್ಲಿ ಹೀಗಾಗುತ್ತದೆಂದು ಮೊದಲೇ ತಿಳಿದಿದ್ದ ಭಾವನವರು ಸ್ಟೇರಿಂಗನ್ನು ಸೆಟೆದು ಹಿಡಿಯದೆ ಮೃದುವಾಗಿ ತಿದ್ದಿಕೊಂಡರು. ಬೆಳಗಾವಿಯಲ್ಲಿ ರಾತ್ರಿ ತಂಗಿ, ಮರುದಿನ ಬೆಳಿಗ್ಗೆ ಗಾಳಿ, ಎಣ್ಣೆ, ಕೂಲಂಟ್ ನೋಡಿಕೊಂಡೇ ಮುಂದೆ ಹೋದೆವು.

ಮರಳುವಾಗ ಮೂವರ ಜೊತೆಗೆ ಪುಸ್ತಕದ ಪೆಟ್ಟಿಗೆಗಳೂ ಹಾಸಿಗೆಯೂ ಇದ್ದವು. ಭಾರದ ಪೆಟ್ಟಿಗೆಗಳನ್ನು ಹಿಂದಿನ ಆಕ್ಸಲಿಗಿಂತ ಮುಂದೆ, ನೆಲಕ್ಕೆ ತಾಗಿಸಿ, ಅಲುಗದಂತೆ ಪಟ್ಟಿಯಿಂದ ಕಟ್ಟಿದೆವು. ಹಿಂದಿನ ಟಯರಿಗೆ ಪೂರ್ಣ ಭಾರಕ್ಕೆ ಹೇಳಿರುವಷ್ಟು ಗಾಳಿ ತುಂಬಿಸಿದೆವು. ಪುಣೆಯಿಂದ ಸಾತಾರಾ ಕಡೆಗೆ ಬರುವವರು ಆಗ ಖಂಬಾಟ್ಕಿ ಘಾಟಿಯನ್ನು ಏರಬೇಕಿತ್ತು. ಮಧ್ಯಾಹ್ನದ ಬಿಸಿಲಿನಲ್ಲಿ ತುಂಬಿದ ಗಾಡಿ ಮೂರನೆಯ ಗೇರಿನಲ್ಲಿ ಹತ್ತುವಾಗಲೂ ಶಾಖದ ಮುಳ್ಳು ಅರ್ಧವನ್ನು ದಾಟಲಿಲ್ಲ.

ಮನೆಗೆ ಬಂದ ಮೇಲೆ ಮತ್ತೆ ಬಿಚ್ಚಿ ನೋಡಿದೆವು. ಹಿಂದಿನ ಆಕ್ಸಲಿನ ಎಣ್ಣೆ ತಿಳಿಯಾಗಿತ್ತು, ಕಿಂಗ್‌ಪಿನ್ನಿನ ಬಿಗಿ ಕದಲಿರಲಿಲ್ಲ, ಎಡಮುಂದಿನ ಟಯರಿನ ಹೊರ ಅಂಚು ಮಾತ್ರ ತುಸು ಹೆಚ್ಚು ಸವೆದಿದ್ದರಿಂದ ಟೋ-ಇನ್ ಅನ್ನು (ಮುಂಚಕ್ರಗಳ ಮುಂಭಾಗ ಒಳಕ್ಕೆ ವಾಲಿರುವ ಅಳತೆಯನ್ನು) ಮತ್ತೊಮ್ಮೆ ಹೊಂದಿಸಿದೆವು. ಜೂನ್ ಮೊದಲ ವಾರದಲ್ಲಿ ಮಳೆ ಹಿಡಿದಾಗ ಭಾವನವರು ವಿಂಚನ್ನೂ ಹಳೆಯ ಮಡ್ ಟಯರುಗಳನ್ನೂ ತೋಟದ ಒಳಗಿನ ಓಡಾಟಕ್ಕೆಂದು ಮರಳಿ ಹಾಕಿಕೊಂಡರು. ಉದ್ದದ ಶ್ಯಾಕಲ್ಲುಗಳು ಕೊಟ್ಟಿಗೆಯ ಅದೇ ಗೋಣಿಚೀಲದಲ್ಲಿವೆ.